ವೈರಿಯನ್ನು ಹಗುರವಾಗಿ ಕಂಡ ರಾತ್ರಿ: ನಾಲ್ಕನೇ ಕುಂಞಾಲಿ ಮರಕ್ಕಾರ್

ಕಡಲನ್ನು ನಂಬಿ ಬದುಕಿದ ನಮ್ಮ ಕರಾವಳಿಯ ಮುಸ್ಲಿಮರಿಗೆ ಕುಂಞಾಲಿ ಮರಕ್ಕಾರ್ ಎಂಬ ಹೆಸರು ಹೊಸದಲ್ಲ. ಇದು ಒಬ್ಬರ ಹೆಸರಲ್ಲ. ಕಲ್ಲಿಕೋಟೆಯ ಸಾಮೂದಿರಿ ರಾಜರು ತಮ್ಮ ನೌಕಾಪಡೆಯ ನಾಯಕರಿಗೆ ಕೊಟ್ಟ ಬಿರುದು. 16ನೇ ಶತಮಾನದಲ್ಲಿ ನಾಲ್ವರು ಕುಂಞಾಲಿಗಳು ಪೋರ್ಚುಗೀಸರನ್ನು ಎದುರಿಸಿದರು. ಕೊನೆಯವರು ಮುಹಮ್ಮದ್ ಮರಕ್ಕಾರ್. 1595ರಲ್ಲಿ ಮಾವ ತೀರಿಹೋದ ಮೇಲೆ ಇವರು ನಾಯಕರಾದರು. ವಡಗರ ಸಮೀಪದ ನದಿ ಬಾಯಿಯಲ್ಲಿ ಮಾವ ಕಟ್ಟಿಸಿದ್ದ ಕೋಟೆಯನ್ನು ಇನ್ನಷ್ಟು ಭದ್ರ ಮಾಡಿದರು.

ಕುಂಞಾಲಿಯವರು ರಾಜನಂತೆ ನಡೆದುಕೊಳ್ಳುತ್ತಿದ್ದಾರೆ ಎಂದು ಸಾಮೂದಿರಿಗೆ ಸಿಟ್ಟು ಬಂತು. ಆ ಬಿರುಕನ್ನು ಪೋರ್ಚುಗೀಸರು ಬಿಡುತ್ತಾರೆಯೇ? 1599ರ ಮಾರ್ಚ್‌ನಲ್ಲಿ ಲೂಯಿಸ್ ದ ಗಾಮನ ಹಡಗುಗಳು ನದಿ ಬಾಯಿಗೆ ಬಂದವು. ನೆಲದ ಕಡೆಯಿಂದ ಸಾಮೂದಿರಿಯ ನಾಯರ್ ಪಡೆ. ಕತ್ತಲಲ್ಲಿ ಎರಡೂ ಕಡೆಯಿಂದ ಒಟ್ಟಿಗೆ ನುಗ್ಗಿದರೆ ಕೋಟೆ ಒಂದೇ ಏಟಿಗೆ ಬೀಳುತ್ತದೆ ಎಂಬುದು ಅವರ ಲೆಕ್ಕ.

ಲೆಕ್ಕ ತಪ್ಪಿತು. ಬೆಳಗಿನ ಜಾವ ಕೊಡಬೇಕಿದ್ದ ಬೆಂಕಿಯ ಸಂಕೇತವನ್ನು ನಡುರಾತ್ರಿಯೇ ಕೊಟ್ಟುಬಿಟ್ಟರು. ನೆಲದ ಕಡೆಯವರು ಒಂಟಿಯಾಗಿ ನುಗ್ಗಿ ಪೆಟ್ಟು ತಿಂದರು. ನದಿ ದಾಟಿ ಬಂದ ತುಕಡಿ ತಡವಾಗಿ ಬಂತು, ಅದರ ನಾಯಕನೇ ಸತ್ತ. ಒಳಗಿನವರು ಎಚ್ಚರವಾಗಿದ್ದರು. ಓಡಿದವರಲ್ಲಿ ಎಷ್ಟೋ ಮಂದಿ ನದಿಯಲ್ಲಿ ಮುಳುಗಿದರು. ದೋಣಿ ಸಾಲದೆ, ಗಾಮನಿಗೆ ಸಹಾಯ ಕಳಿಸಲೂ ಆಗಲಿಲ್ಲ.

ಆದರೆ ಸೋತವರು ಪಾಠ ಕಲಿತರು. ಸಾಮೂದಿರಿಯ ಜೊತೆ ಹೊಸ ಒಪ್ಪಂದ ಮಾಡಿಕೊಂಡು, ಈ ಸಲ ಆಂದ್ರೆ ಫುರ್ತಾದೊ ಅವಸರ ಮಾಡದೆ ಕಡಲು, ನೆಲ ಎರಡನ್ನೂ ಮುಚ್ಚಿದ. ಒಳಗೆ ಅನ್ನಕ್ಕೂ ತತ್ವಾರವಾಯಿತು. ಜೀವ ಉಳಿಸುವ ಮಾತು ಪಡೆದು 1600ರ ಮಾರ್ಚ್‌ನಲ್ಲಿ ಕುಂಞಾಲಿಯವರು ಹೊರಬಂದು ಸಾಮೂದಿರಿಗೆ ಖಡ್ಗ ಒಪ್ಪಿಸಿದರು. ಫುರ್ತಾದೊ ಅಲ್ಲೇ ಅವರನ್ನು ಹಿಡಿದ. ಕೊಟ್ಟ ಮಾತು ಮುರಿದದ್ದಕ್ಕೆ ನಾಯರ್ ಸೈನಿಕರೇ ರೊಚ್ಚಿಗೆದ್ದರು. ಗೋವಾದಲ್ಲಿ ಅವರ ಶಿರಚ್ಛೇದ ಮಾಡಿ, ತಲೆಯನ್ನು ಕಣ್ಣೂರಿನಲ್ಲಿ ಜನ ನೋಡುವಂತೆ ಇಟ್ಟರು.

ಹುನೈನ್‌ನಲ್ಲಿ ಸಂಖ್ಯೆಯ ಹೆಮ್ಮೆ ಕೆಲಸಕ್ಕೆ ಬರಲಿಲ್ಲ ಎಂದು ನಮ್ಮ ಮದ್ರಸದ ಮಕ್ಕಳೂ ಬಲ್ಲರು. ಪೋರ್ಚುಗೀಸರು ವೈರಿಯನ್ನು ಹಗುರವಾಗಿ ಕಂಡು ಒಂದು ರಾತ್ರಿ ಸೋತರು. ಕುಂಞಾಲಿಯವರ ಕಡೆಯಲ್ಲಿ ಧೈರ್ಯಕ್ಕೆ ಕೊರತೆ ಇರಲಿಲ್ಲ, ಆದರೆ ಜೊತೆಗಿದ್ದವರ ಮುನಿಸನ್ನು ಹಗುರವಾಗಿ ಕಂಡದ್ದು ಅವರಿಗೆ ಮುಳುವಾಯಿತು. ಹೊರಗಿನ ವೈರಿಗಿಂತ ಒಳಗಿನ ಬಿರುಕು ಅಪಾಯ ಎಂದು ನಾವು ಇದರಿಂದ ತಿಳಿಯಬೇಕು. ಇಂದು ಭಾರತದ ನೌಕಾಪಡೆಯ ಮುಂಬಯಿ ನೆಲೆಯೊಂದಕ್ಕೆ ಕುಂಞಾಲಿ ಹೆಸರಿದೆ. ಅಲ್ಲಾಹನು ನಮಗೆ ವಿನಯವನ್ನೂ ಒಗ್ಗಟ್ಟನ್ನೂ ಕರುಣಿಸಲಿ, ಆಮೀನ್.