ಮೇಘನಾದ ಸಹಾ: ಪಾಠದ ತಯಾರಿಯಿಂದ ನಕ್ಷತ್ರದವರೆಗೆ

ನಕ್ಷತ್ರಗಳ ಬಣ್ಣ ಏಕೆ ಬೇರೆ ಬೇರೆ? ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ನಾನು ಆಯ್ದುಕೊಂಡ ಪೂರಕ ಪಾಠವಿದು. ಮಹಾವ್ಯಾಧ ಪುಂಜದ ಆರ್ದ್ರಾ ಕೆಂಪಗೆ, ರಿಗೆಲ್ ನೀಲಿ ಬೆರೆತ ಬಿಳುಪಾಗಿ ಕಾಣುತ್ತವೆ. ಕಾರಣ ಕೇಳಿದಾಗ ಮಕ್ಕಳಿಂದ ಬಂದ ಉತ್ತರಗಳು ಎರಡು: ಕೆಂಪಗಿರುವುದು ಹೆಚ್ಚು ಬಿಸಿ, ಇಲ್ಲವೇ ಅವು ಬೇರೆ ಬೇರೆ ವಸ್ತುಗಳಿಂದ ಆಗಿವೆ. ಈ ತಪ್ಪು ಕಲ್ಪನೆಗಳನ್ನು ಬಿಡಿಸಲು ನಾನು ಮೇಘನಾದ ಸಹಾ ಅವರ ಜೀವನವನ್ನು ಪಾಠದೊಳಕ್ಕೆ ತಂದೆ.

ಸಹಾ ಹುಟ್ಟಿದ್ದು 1893ರಲ್ಲಿ, ಢಾಕಾ ಸಮೀಪದ ಹಳ್ಳಿಯೊಂದರಲ್ಲಿ. ತಂದೆಯದು ಚಿಕ್ಕ ಅಂಗಡಿ. ಮಗನೂ ಅಂಗಡಿಯಲ್ಲಿ ಕೂರಲಿ ಎಂಬುದು ಮನೆಯವರ ಯೋಚನೆ. ಪ್ರಾಥಮಿಕ ಶಾಲೆ ಮುಗಿದ ಮೇಲೆ ಓದಲು ಬೇರೆ ಊರಿಗೇ ಹೋಗಬೇಕಿತ್ತು. ಅಣ್ಣ ಹುಡುಕಾಡಿ, ಅಲ್ಲಿನ ವೈದ್ಯರೊಬ್ಬರ ಮನೆಯಲ್ಲಿ ಊಟ ವಸತಿಗೆ ಏರ್ಪಾಡು ಮಾಡಿದರು. ಮುಂದೆ ಢಾಕಾದ ಶಾಲೆಯಲ್ಲಿದ್ದಾಗ, ಬಂಗಾಳ ವಿಭಜನೆಯನ್ನು ವಿರೋಧಿಸಿ ಗವರ್ನರ್ ಭೇಟಿಯನ್ನು ಬಹಿಷ್ಕರಿಸಿದ್ದಕ್ಕೆ ಶಾಲೆಯೂ ಹೋಯಿತು, ವಿದ್ಯಾರ್ಥಿವೇತನವೂ ಹೋಯಿತು. ಇನ್ನೊಂದು ಶಾಲೆ ಸೇರಿ ಓದಿದರು. ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸತ್ಯೇಂದ್ರನಾಥ ಬೋಸ್ ಅವರ ಸಹಪಾಠಿ. ವಿದ್ಯಾರ್ಥಿನಿಲಯದಲ್ಲಿ ಮಾತ್ರ, ಜಾತಿಯ ಕಾರಣಕ್ಕೆ ಅವರೊಡನೆ ಊಟಕ್ಕೆ ಕೂರಲು ಒಪ್ಪದವರಿದ್ದರು.

ಅವರು ಓದಿದ್ದು ಗಣಿತ. 1916ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕರಾದ ಮೇಲೆ ಭೌತಶಾಸ್ತ್ರ ಕಲಿಸಬೇಕಾಯಿತು. ಉಷ್ಣಗತಿಶಾಸ್ತ್ರ, ರೋಹಿತಶಾಸ್ತ್ರಗಳನ್ನು ತಾವೇ ಓದಿಕೊಂಡು ಪಾಠ ಮಾಡಿದರು. ಅವರ ದೊಡ್ಡ ಶೋಧಕ್ಕೆ ಈ ತಯಾರಿಯೇ ನೆಲವಾಯಿತು.

ಕಾಯಿಸಿದ ಕಬ್ಬಿಣ ಮೊದಲು ಕೆಂಪಗಾಗಿ, ಇನ್ನೂ ಕಾದಂತೆ ಹಳದಿಗೆ, ಬಿಳುಪಿಗೆ ತಿರುಗುತ್ತದೆ. ನಕ್ಷತ್ರದ ಬಣ್ಣವೂ ಹೀಗೆಯೇ ಶಾಖವನ್ನು ಹೇಳುತ್ತದೆ. ಆದರೆ ನಕ್ಷತ್ರದ ಬೆಳಕನ್ನು ಬಿಡಿಸಿದಾಗ ಕಾಣುವ ಕಪ್ಪು ಗೆರೆಗಳು ಒಂದೊಂದರಲ್ಲಿ ಒಂದೊಂದು ಬಗೆ. ಹಾಗಾದರೆ ದ್ರವ್ಯವೇ ಬೇರೆಯೇ? 1920ರಲ್ಲಿ ಸಹಾ ಕೊಟ್ಟ ಸಮೀಕರಣ ಈ ಗಂಟನ್ನು ಬಿಡಿಸಿತು. ಶಾಖ ಏರಿದಂತೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ. ಅದರೊಂದಿಗೆ ಗೆರೆಗಳೂ ಬದಲಾಗುತ್ತವೆ. ಗೆರೆ ಮಂಕಾಗಿದ್ದರೆ ಆ ಧಾತು ಇಲ್ಲವೆಂದಲ್ಲ. 1925ರಲ್ಲಿ ಸಿಸಿಲಿಯಾ ಪೇನ್ ಇದೇ ಸಮೀಕರಣ ಬಳಸಿ, ನಕ್ಷತ್ರಗಳಲ್ಲಿ ಬಹುಪಾಲು ಹೈಡ್ರೋಜನ್, ಹೀಲಿಯಂ ಇರುವುದನ್ನು ಲೆಕ್ಕದಿಂದ ಕಂಡರು. ದ್ರವ್ಯ ಬಹುಮಟ್ಟಿಗೆ ಒಂದೇ, ಶಾಖ ಬೇರೆ.

ಕಪ್ಪುಹಲಗೆಯ ಮೇಲೆ ನಾಲ್ಕು ಸಾಲು ಬರೆದೆ. ಆರ್ದ್ರಾ ಸುಮಾರು 3,500 ಕೆಲ್ವಿನ್, ಸೂರ್ಯ 5,800, ಲುಬ್ಧಕ 10,000, ರಿಗೆಲ್ 12,000. ಕೆಂಪೇ ಎಲ್ಲಕ್ಕಿಂತ ತಂಪು ಎಂಬುದನ್ನು ಮಕ್ಕಳೇ ಓದಿ ಹೇಳಿದರು.

ಸಹಾ 1927ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು, 1952ರಲ್ಲಿ ಲೋಕಸಭೆಗೆ ಆಯ್ಕೆಯಾದರು, 1956ರಲ್ಲಿ ತೀರಿಕೊಂಡರು. ಜೀವನಕಥೆ ಹೇಳಿದರೆ ವಿಜ್ಞಾನಕ್ಕೆ ಸಮಯ ಸಾಲದು ಎಂಬ ಆಕ್ಷೇಪವಿದೆ. ನನ್ನ ಪಾಠದಲ್ಲಿ ಕಥೆಗೆ ಹಿಡಿದದ್ದು ಹತ್ತು ನಿಮಿಷ. ದ್ರವ್ಯ ಬೇರೆ ಎಂದಿದ್ದ ಮಕ್ಕಳ ಸಂದೇಹವೇ ಒಂದು ಕಾಲಕ್ಕೆ ವಿಜ್ಞಾನಿಗಳ ಸಂದೇಹವೂ ಆಗಿತ್ತೆಂದು ತಿಳಿದಾಗ, ಉತ್ತರ ತಪ್ಪಿದವರೂ ತಲೆ ತಗ್ಗಿಸಲಿಲ್ಲ. ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಕೊನೆಗೆ ಈ ಮೌಲ್ಯಮಾಪನ ಪ್ರಶ್ನೆ ಕೇಳಬಹುದು: ರೋಹಿಣಿ ನಕ್ಷತ್ರ ಕಿತ್ತಳೆ ಬಣ್ಣದ್ದು, ಅದರ ಮೇಲ್ಮೈ ಸೂರ್ಯನದಕ್ಕಿಂತ ಬಿಸಿಯೋ, ತಂಪೋ?