ದೇಶದ ಕಿರ್ದಿಯನ್ನು ಬಿಡಿಸಿ ಓದಿದ ದಾದಾಭಾಯಿ ನವರೋಜಿ

ಮುಂಬಯಿಯ ಬೋರಿಬಂದರದಲ್ಲಿ ರೈಲಿನಿಂದಿಳಿದು ಕೋಟೆ ವಿಭಾಗದ ಆಫೀಸುಗಳಿಗೂ ಹೋಟೆಲುಗಳಿಗೂ ನಡೆಯುವ ನಮ್ಮ ಓದುಗರು ನಿತ್ಯ ತುಳಿಯುವ ರಸ್ತೆಗೆ ದಾದಾಭಾಯಿ ನವರೋಜಿಯವರ ಹೆಸರಿದೆ. ಫ್ಲೋರಾ ಫೌಂಟನಿನ ಬಳಿ ಅವರ ಪ್ರತಿಮೆಯೂ ಇದೆ. ಅವರು ರಾಷ್ಟ್ರದ ಪಿತಾಮಹರೆಂಬುದನ್ನು ಎಲ್ಲರೂ ಬಲ್ಲರು. ಈ ದೇಶದ ವರಮಾನವನ್ನು ಮೊತ್ತಮೊದಲು ಲೆಕ್ಕ ಹಾಕಿದವರೆಂಬುದನ್ನು ಬಲ್ಲವರು ಕಡಿಮೆ. ಹಲವು ವರ್ಷ ಗಲ್ಲಾದ ಹಿಂದೆ ಕುಳಿತು ಬಂದ ನಮಗೆ ಅವರ ಬಾಳಿನಲ್ಲಿ ಹೆಚ್ಚು ಹಿಡಿಸಿದುದು ಈ ಲೆಕ್ಕದ ಕಥೆಯೇ.

1825ರ ಸೆಪ್ಟೆಂಬರ್ 4ರಂದು ಬಡ ಪಾರಸಿ ಪುರೋಹಿತರ ಮನೆಯಲ್ಲಿ ಜನಿಸಿದ ಅವರು ನಾಲ್ಕರ ಹರೆಯದಲ್ಲೇ ತಂದೆಯನ್ನು ಕಳೆದುಕೊಂಡರು. ತಾಯಿ ಮಾಣೆಕಬಾಯಿಯವರು ಕಷ್ಟಪಟ್ಟು ಸಾಕಿದರು. ಶುಲ್ಕವಿಲ್ಲದ ಶಾಲೆ ದೊರೆತುದರಿಂದ ವಿದ್ಯೆ ಕೈಗೂಡಿತು. ಮುಂದೆ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಗಣಿತದ ಪ್ರಾಧ್ಯಾಪಕರಾದರು; ಅಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು ಅವರೇ. 1855ರಲ್ಲಿ ಕಾಮಾ ಕಂಪನಿಯ ಪಾಲುದಾರರಾಗಿ ಲಂಡನ್ನಿಗೆ ತೆರಳಿದರು. ಪರಸ್ಥಳದಲ್ಲಿ ವ್ಯಾಪಾರ, ಮನಸ್ಸಿನಲ್ಲಿ ಊರು: ಈ ಬಾಳು ಎಂತಹುದೆಂದು ನಮ್ಮವರಿಗೆ ಹೇಳಬೇಕಾಗಿಲ್ಲ.

ಆಂಗ್ಲರ ಆಳ್ವಿಕೆಯಲ್ಲಿ ಭಾರತವು ಏಳಿಗೆ ಹೊಂದುತ್ತಿದೆಯೆಂದು ಆಗ ಅಧಿಕಾರಿಗಳು ಹೇಳುತ್ತಿದ್ದರು. ನವರೋಜಿಯವರು ಬರಿಯ ಮಾತಿನಿಂದ ಅದನ್ನು ಅಲ್ಲಗಳೆಯಲಿಲ್ಲ. ಸರಕಾರದ ವರದಿಗಳನ್ನೇ ತರಿಸಿ ಓದಿದರು. ಅಲ್ಲಿ ದೊಡ್ಡದೊಂದು ದೋಷ ಕಂಡಿತು. ಜಿಲ್ಲೆ ಜಿಲ್ಲೆಯ ಎಕರೆ ಇಳುವರಿಯನ್ನು ಕೂಡಿಸಿ, ಜಿಲ್ಲೆಗಳ ಸಂಖ್ಯೆಯಿಂದ ಭಾಗಿಸಿ, ಅದನ್ನೇ ಪ್ರಾಂತದ ಸರಾಸರಿಯೆಂದು ಬರೆಯಲಾಗಿತ್ತು. ಯಾವ ಜಿಲ್ಲೆಯಲ್ಲಿ ಎಷ್ಟು ಎಕರೆ ಸಾಗುವಳಿಯಾಗಿದೆಯೆಂಬುದನ್ನು ಗಣನೆಗೆ ತಂದಿರಲಿಲ್ಲ.

ಇದರ ಮೋಸವನ್ನು ನಮ್ಮ ಕಸಬಿನಿಂದಲೇ ತಿಳಿಯಬಹುದು. ಒಂದು ಹೋಟೆಲಿನಲ್ಲಿ 20 ಮಂದಿಗೆ ತಲಾ 10,000 ರೂಪಾಯಿ ಸಂಬಳ. ಇನ್ನೊಂದರಲ್ಲಿ ಇಬ್ಬರಿಗೆ ತಲಾ 20,000. ಎರಡು ಅಂಕಿಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಸರಾಸರಿ 15,000 ಆಗುತ್ತದೆ. 22 ಮಂದಿಗೆ ನಿಜವಾಗಿ ಸಂದ ಹಣವನ್ನು ಹಂಚಿದರೆ 10,900ರ ಆಸುಪಾಸು. ಅಂಕಿಗಳು ಸುಳ್ಳಲ್ಲ, ಲೆಕ್ಕ ಮಾತ್ರ ಸುಳ್ಳು.

ನವರೋಜಿಯವರು ಲೆಕ್ಕವನ್ನು ತಿದ್ದಿ, 1867-68ರ ಸುಮಾರಿನ ಬ್ರಿಟಿಷ್ ಭಾರತದ ಉತ್ಪನ್ನವನ್ನು ಗುಣಿಸಿದರು. ಬೆಳೆಯಲ್ಲಿ ಬಿತ್ತನೆಗೆಂದು ನೂರಕ್ಕೆ 6 ಪಾಲು ಕಳೆದರು. ಗಣಿ, ಕೈಗಾರಿಕೆ, ಹಾಲು, ಮೀನುಗಳನ್ನು ಸೇರಿಸಿದರು. ಬಿಟ್ಟುಹೋದುದೇನಾದರೂ ಇದ್ದರೆ ಇರಲಿಯೆಂದು ಮೇಲೆ 3 ಕೋಟಿ ಪೌಂಡು ಕೂಡಿಸಿದರು. ಹೀಗೆ ಉದಾರವಾಗಿ ಎಣಿಸಿದರೂ ಒಟ್ಟು 34 ಕೋಟಿ ಪೌಂಡು. ಜನ 17 ಕೋಟಿ. ತಲೆಗೆ ವರ್ಷಕ್ಕೆ 20 ರೂಪಾಯಿ. ಅದೇ ಸರಕಾರದ ಜೈಲುಗಳ ಲೆಕ್ಕವನ್ನೂ ಅವರು ಪಕ್ಕದಲ್ಲಿಟ್ಟರು. ಕೈದಿಯೊಬ್ಬನ ಅನ್ನ ಬಟ್ಟೆಗೆ ಅದಕ್ಕಿಂತ ಹೆಚ್ಚು ತಗಲುತ್ತಿತ್ತು! 1876ರಲ್ಲಿ ಮುಂಬಯಿಯ ಸಭೆಯ ಮುಂದೆ ಅವರು ಈ ಲೆಕ್ಕವನ್ನು ಓದಿದರು.

ಬಡತನದ ಕಾರಣವನ್ನೂ ಅವರು ಲೆಕ್ಕದಲ್ಲೇ ಅರಸಿದರು. ಆಂಗ್ಲ ಅಧಿಕಾರಿಗಳ ಸಂಬಳ, ಪಿಂಚಣಿ ಮೊದಲಾದ ರೂಪದಲ್ಲಿ ದೇಶದ ಸಂಪತ್ತು ವರ್ಷವರ್ಷವೂ ಹೊರಗೆ ಹರಿಯುತ್ತಿದೆ, ಅದಕ್ಕೆ ಪ್ರತಿಫಲವಿಲ್ಲವೆಂದು ವಾದಿಸಿದರು. ಈ ಮಾತನ್ನು ಆಳುವವರ ಎದುರಿಗೇ ಹೇಳಲು 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯಿಂದ ಬೆರಳೆಣಿಕೆಯ ಮತಗಳ ಅಂತರದಲ್ಲಿ ಗೆದ್ದು ಪಾರ್ಲಿಮೆಂಟನ್ನು ಪ್ರವೇಶಿಸಿದರು. 1895ರಲ್ಲಿ ಭಾರತದ ಖರ್ಚುವೆಚ್ಚಗಳ ವಿಚಾರಣೆಗೆ ನೇಮಿಸಿದ ವೆಲ್ಬಿ ಆಯೋಗದಲ್ಲಿ ಸದಸ್ಯರಾದರು. ಅವರ ಬರಹಗಳು 1901ರಲ್ಲಿ ದೊಡ್ಡ ಗ್ರಂಥವಾಗಿ ಹೊರಬಂದವು. ಮೂರು ಸಲ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಅವರು 1917ರ ಜೂನ್ 30ರಂದು ಮುಂಬಯಿಯಲ್ಲಿ ದಿವಂಗತರಾದರು.

ಅವರ ಲೆಕ್ಕದಲ್ಲಿ ಕೊರತೆಯಿರಲಿಲ್ಲವೆಂದಲ್ಲ. ವಸ್ತುಗಳನ್ನು ಎಣಿಸಿದರೇ ಹೊರತು, ಬಡಿಸುವವನ, ಬರೆಯುವವನ ದುಡಿಮೆಯನ್ನು ಎಣಿಸಲಿಲ್ಲ. ಅದನ್ನು ಸೇರಿಸಿ ಲೆಕ್ಕವನ್ನು ತಿದ್ದಿದವರು ಮುಂದಿನ ಪಂಡಿತರು. ಆದರೆ ಹಾಗೆ ತಿದ್ದಲು ಸಾಧ್ಯವಾದುದು, ಯಾವ ಅಂಕಿಯನ್ನು ಎಲ್ಲಿಂದ ತಂದೆ, ಹೇಗೆ ಕೂಡಿಸಿದೆ ಎಂಬುದನ್ನೆಲ್ಲ ನವರೋಜಿಯವರು ಬಿಚ್ಚಿಟ್ಟಿದ್ದರಿಂದಲೇ. ನಂಬತಕ್ಕ ಲೆಕ್ಕದ ಗುರುತು ಅದೇ.

ಇಂದು ಗುಮಾಸ್ತರ ತುಟ್ಟಿಭತ್ಯೆ ಏರುವುದೂ ಕಾರ್ಮಿಕ ಬ್ಯೂರೋ ಪ್ರಕಟಿಸುವ ಬೆಲೆಸೂಚಿಯೊಂದನ್ನು ಹಿಡಿದು. ತಲಾ ವರಮಾನ ಇಷ್ಟು ಏರಿತೆಂದು ಪತ್ರಿಕೆಯಲ್ಲಿ ಓದಿದಾಗ ನಮ್ಮ ಓದುಗರು ಹಿಗ್ಗುವುದಕ್ಕೂ ಹಳಿಯುವುದಕ್ಕೂ ಮೊದಲು ಮೂರು ಪ್ರಶ್ನೆ ಕೇಳಲಿ: ಎಣಿಸಿದವರಾರು? ಯಾವುದನ್ನು ಎಣಿಸಿದರು? ಯಾವುದರಿಂದ ಭಾಗಿಸಿದರು? ತಿಂಗಳ ಕೊನೆಗೆ ಸಂಬಳದ ಚೀಟಿಯನ್ನು ನೋಡುವಷ್ಟೇ ಎಚ್ಚರದಿಂದ ದೇಶದ ಲೆಕ್ಕವನ್ನೂ ನೋಡಬೇಕೆಂಬುದು ನಮ್ಮ ವಿನಂತಿ.