ಜಿ.ಐ. ಶೀಟಿನ ಹೆಸರಲ್ಲಿರುವ ಗ್ಯಾಲ್ವನಿ ಯಾರು? ನಮ್ಮ ತೋಳಿನ ದಣಿವಿಗೂ ಅವರಿಗೂ ಏನು ಸಂಬಂಧ?

ಪಾಂಡವಪುರ, ಕೆ.ಆರ್. ಪೇಟೆ ಕಡೆ ಆಲೆಮನೆಗೆ ಹೊದಿಸುವ ಜಿ.ಐ. ಶೀಟ್, ನಾಗಮಂಗಲದ ಬೋರ್‌ವೆಲ್‌ಗೆ ಇಳಿಸುವ ಜಿ.ಐ. ಪೈಪ್ ಎಲ್ಲರಿಗೂ ಗೊತ್ತು. ಅಲ್ಲಿರುವ 'ಜಿ' ಎಂದರೆ ಗ್ಯಾಲ್ವನೈಸ್ಡ್. ಲೂಯಿಜಿ ಗ್ಯಾಲ್ವನಿ ಎಂಬ ವೈದ್ಯರ ಹೆಸರಿನಿಂದ ಬಂದ ಪದ ಅದು. ಆದರೆ ಅವರು ತಗಡಿಗೆ ಸತು ಲೇಪಿಸಿದವರಲ್ಲ. ಕಬ್ಬು ಕಡಿದು ಸೋತ ತೋಳಿನ ದಣಿವನ್ನು ಇಂದು ಯಂತ್ರದಲ್ಲಿ ಅಳೆಯಲು ಆಗುತ್ತಿದ್ದರೆ, ಅದಕ್ಕೆ ದಾರಿ ತೆರೆದವರು.

ಅದುರಿದ ಕಪ್ಪೆ ಕಾಲು

ಗ್ಯಾಲ್ವನಿ ಹುಟ್ಟಿದ್ದು 1737ರಲ್ಲಿ, ಇಟಲಿಯ ಬೊಲೊನ್ಯ ಊರಿನಲ್ಲಿ. ಅಲ್ಲೇ ವೈದ್ಯಕೀಯ ಓದಿ, ಅಲ್ಲೇ ಅಂಗರಚನಾಶಾಸ್ತ್ರದ ಮೇಷ್ಟ್ರಾದರು. 1780ರ ದಶಕದಲ್ಲಿ, ವಿದ್ಯುತ್ ಯಂತ್ರದಿಂದ ಕಿಡಿ ಹಾರಿದ ಕ್ಷಣದಲ್ಲೇ, ಚಾಕು ತಾಗಿದ್ದ ಸತ್ತ ಕಪ್ಪೆಯ ಕಾಲು ಜಾಡಿಸಿತು. ಮುಂದೆ, ಹಿತ್ತಾಳೆ ಕೊಕ್ಕೆ ಹಾಕಿ ಕಬ್ಬಿಣದ ಕಂಬಿಗೆ ತೂಗುಬಿಟ್ಟ ಕಾಲುಗಳು ಯಾವ ಕಿಡಿಯೂ ಇಲ್ಲದೆ ಅದುರಿದವು. ಪ್ರಯೋಗಗಳಿಗೆ ಜೊತೆಯಾಗಿದ್ದ ಪತ್ನಿ ಲೂಸಿಯಾ 1790ರಲ್ಲಿ ತೀರಿಕೊಂಡರು. ಮರುವರ್ಷ ಗ್ಯಾಲ್ವನಿ ತಮ್ಮ ಬರಹ ಪ್ರಕಟಿಸಿದರು: ಪ್ರಾಣಿಯ ದೇಹದೊಳಗೇ ವಿದ್ಯುತ್ ಇದೆ ಎಂಬುದು ಅವರ ವಾದ.

ಅಲೆಸ್ಸಾಂಡ್ರೊ ವೋಲ್ಟಾ ಒಪ್ಪಲಿಲ್ಲ. ವಿದ್ಯುತ್ ಬಂದಿದ್ದು ಎರಡು ಬೇರೆ ಬೇರೆ ಲೋಹ ತಾಗಿದ್ದರಿಂದ, ಕಪ್ಪೆಯಿಂದಲ್ಲ ಎಂದರು. ಆಗ ಲೋಹವನ್ನೇ ಬಿಟ್ಟು ಪ್ರಯೋಗ ನಡೆಯಿತು. ನರವನ್ನು ನೇರವಾಗಿ ಸ್ನಾಯುವಿಗೆ ತಾಗಿಸಿದರೂ ಕಾಲು ಅದುರಿತು. ಆದರೂ ವೋಲ್ಟಾ 1800ರಲ್ಲಿ ಬ್ಯಾಟರಿಯನ್ನು ಜಗತ್ತಿಗೆ ತಿಳಿಸಿದ ಮೇಲೆ ಗೆಲುವು ಅವರದೇ ಎನಿಸಿತು.

ಅದನ್ನು ನೋಡಲು ಗ್ಯಾಲ್ವನಿ ಇರಲಿಲ್ಲ. ನೆಪೋಲಿಯನ್ ಸ್ಥಾಪಿಸಿದ ಹೊಸ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲು ನಿರಾಕರಿಸಿ ಕೆಲಸ ಕಳೆದುಕೊಂಡಿದ್ದ ಅವರು, 1798ರ ಡಿಸೆಂಬರ್ 4ರಂದು ಕಣ್ಮುಚ್ಚಿದರು. ಸರಿಯಾಗಿ ಐದು ತಿಂಗಳಿಗೆ ಇತ್ತ ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದರು.

ಹಾಗಾದರೆ ಯಾರು ಸರಿ?

ಇಬ್ಬರೂ. ಲೋಹಗಳ ವಿಷಯದಲ್ಲಿ ವೋಲ್ಟಾ, ದೇಹದ ವಿಷಯದಲ್ಲಿ ಗ್ಯಾಲ್ವನಿ. 1849ರಲ್ಲಿ ಬರ್ಲಿನ್‌ನ ಎಮಿಲ್ ದು ಬೋಯಿ ರೇಮೊಂಡ್ ಮನುಷ್ಯನ ತೋಳಿನಿಂದಲೇ ಈ ವಿದ್ಯುತ್ತನ್ನು ಅಳೆದು ತೋರಿಸಿದರು. ಸ್ನಾಯು ದಣಿದಂತೆ ಅದರ ಅಲೆಗಳು ನಿಧಾನವಾಗುವುದನ್ನು 1912ರಲ್ಲಿ ಜರ್ಮನಿಯ ಹಾನ್ಸ್ ಪೈಪರ್ ಗುರುತಿಸಿದರು.

ಇಂದು ಈ ಪರೀಕ್ಷೆಗೆ ಇಎಂಜಿ ಎನ್ನುತ್ತಾರೆ. ದಣಿವು ಅಳೆಯಲು ಚರ್ಮದ ಮೇಲೆ ಪುಟ್ಟ ಪಟ್ಟಿ ಅಂಟಿಸಿದರೆ ಸಾಕು. ತುಂಬಿದ ಕೊಡ ಹಿಡಿದು ನಿಂತಿದ್ದೀರಿ ಎಂದುಕೊಳ್ಳಿ. ಹೊತ್ತು ಕಳೆದಂತೆ ಸ್ನಾಯುವಿನ ಎಳೆಗಳಲ್ಲಿ ಸಂಕೇತ ನಿಧಾನವಾಗಿ ಹರಿಯುತ್ತದೆ. ಅದೇ ಭಾರ ತಡೆಯಲು ದೇಹ ಇನ್ನಷ್ಟು ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ. ಹೀಗಾಗಿ ತೆರೆಯ ಮೇಲೆ ಅಲೆಗಳು ದೊಡ್ಡದಾಗುತ್ತವೆ, ಆದರೆ ನಿಧಾನವಾಗುತ್ತವೆ. ಕೈ ಸೋತು ಕೊಡ ಇಳಿಸುವ ಮೊದಲೇ ಇದು ಕಾಣಿಸಬಹುದು. ಅಂದರೆ ದಣಿವು ಸೋಮಾರಿತನದ ನೆಪವಲ್ಲ. ಆದರೆ ಬೆವರು, ಚರ್ಮದಡಿಯ ಕೊಬ್ಬು, ಪಟ್ಟಿ ಅಂಟಿಸಿದ ಜಾಗ ಇವೆಲ್ಲ ಅಳತೆಯನ್ನು ಏರುಪೇರು ಮಾಡುತ್ತವೆ.

ಫಾರ್ವರ್ಡ್ ಮಾಡುವ ಮುನ್ನ

ದೇಹದಲ್ಲಿ ವಿದ್ಯುತ್ ಇರುವುದು ನಿಜ. ಆದರೆ ಕೈಬಳೆ ಹಾಕಿಕೊಂಡರೆ ಅದು ಮೊಬೈಲ್‌ನಂತೆ ಚಾರ್ಜ್ ಆಗುತ್ತದೆ ಎಂಬುದು ಸುಳ್ಳು. ಫಿಸಿಯೋಥೆರಪಿಯಲ್ಲಿ ಕರೆಂಟ್ ಕೊಟ್ಟು ಸ್ನಾಯು ಕುಗ್ಗಿಸುತ್ತಾರೆ; ಅದು ವ್ಯಾಯಾಮ, ದಣಿವಿಗೆ ಮದ್ದಲ್ಲ. ದಣಿದ ಸ್ನಾಯುವಿಗೆ ಬೇಕಾದದ್ದು ವಿಶ್ರಾಂತಿ, ಊಟ, ನೀರು, ನಿದ್ದೆ. ಅವೆಲ್ಲ ಸಿಕ್ಕರೂ ನಿಶ್ಶಕ್ತಿ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಬಳೆ ಮಾರುವವರು ಗ್ಯಾಲ್ವನಿಯ ಹೆಸರು ಹೇಳಿದರೆ, ನೀವು ಈ ಕಥೆ ಕಳುಹಿಸಿ.